ಪ್ರಶ್ನೆಯಲ್ಲ, ಒಂದು ಅನಿಸಿಕೆ

‘ನಿಶ್ಶಬ್ದ’ ಎಂದು ಬರೆದ ಫಲಕದ ಕೆಳಗೇ ಕೂತು ನಾಲ್ಕು ಜನ ಹರಟುತ್ತಿದ್ದರು. ಅವರಲ್ಲೊಬ್ಬರು ಸ್ವತಃ ಲೈಬ್ರರಿಯನ್ ಪದ್ಮಕ್ಕ, ಹಾಗಾಗಿ ಗದರುವವರು ಯಾರೂ ಇರಲಿಲ್ಲ. ಉಳಿದವರು ಮೈಕು, ವೈರು ಅಂದರೆ ಊಟ ಮರೆಯುವ ಮಂಜಣ್ಣ, ಸಿನಿಮಾ ಸೀನ, ಮತ್ತೆ ಪ್ರಶ್ನೋತ್ತರ ಶುರುವಾಗುವ ಮೊದಲೇ ಕೈ ಎತ್ತುವ ಮೇಷ್ಟ್ರು. ತಿಂಗಳಿಗೆ ಮೂರು ಕಾರ್ಯಕ್ರಮ ಮಾಡುವ ಮಾತು ನಡೆದಿತ್ತು: ಜನ ತಮ್ಮ ತಮ್ಮ ಕಥೆ ಹೇಳುವ ಸಂಜೆ ಒಂದು, ಲೇಖಕರ ಜೊತೆ ಮಾತುಕತೆ ಒಂದು, ಸಿನಿಮಾ ನೋಡಿ ಚರ್ಚೆ ಒಂದು.

“ಮೊದಲು ಕುರ್ಚಿ ವಿಷಯ ಮುಗಿಸೋಣ,” ಅಂದರು ಪದ್ಮಕ್ಕ.

“ನೂರೈವತ್ತು ಹಾಕಿಸಿಬಿಡಿ,” ಮೇಷ್ಟ್ರ ಉತ್ಸಾಹ.

“ನಲವತ್ತು ಜನ ಐವತ್ತು ಕುರ್ಚೀಲಿ ಕೂತ್ರೆ ಸಭೆ ತುಂಬಿದೆ ಅಂತಾರೆ ಮೇಷ್ಟ್ರೇ. ಅದೇ ನಲವತ್ತು ಜನ ನೂರೈವತ್ತು ಕುರ್ಚೀಲಿ ಚೆದುರಿ ಕೂತ್ರೆ, ಯಾರು ತೀರ್ಕೊಂಡ್ರು ಅಂತ ಕೇಳ್ತಾರೆ. ಮೂವತ್ತೈದು ಹಾಕಿ, ಉಳಿದದ್ದನ್ನ ಗೋಡೆಗೆ ಒರಗಿಸಿ ಜೋಡಿಸಿಡಿ. ಜನ ಬಂದಹಾಗೆ ತೆಗೆದು ಹಾಕಿದರಾಯ್ತು. ಉಚಿತ ಅಂದಮೇಲೆ ಹೆಸರು ಬರೆಸಿದವರೆಲ್ಲ ಬರಲ್ಲ, ಹೆಸರು ಬರೆಸದವರು ಮನೆಮಂದಿ ಸಮೇತ ಬರ್ತಾರೆ. ಹಿಂದಿನ ದಿನ ಒಂದು ಮೆಸೇಜ್ ಹಾಕಿದರೆ ಲೆಕ್ಕ ಒಂದಿಷ್ಟು ನೆಟ್ಟಗಾಗುತ್ತೆ.”

“ವೀಲ್‌ಚೇರ್‌ನವರಿಗೆ ಹಿಂದಿನ ಸಾಲಲ್ಲಿ ಜಾಗ ಬಿಡ್ತೀವಿ, ಅಲ್ವಾ?” ಸೀನ ಕೇಳಿದ.

“ಹಿಂದೆ ಯಾಕೋ? ಅವರೇನು ತಪ್ಪು ಮಾಡಿದ್ದಾರಾ? ಎರಡನೇ ಸಾಲು, ಮೂರನೇ ಸಾಲಿನ ತುದೀಲಿ ಒಂದೊಂದು ಕುರ್ಚಿ ತೆಗೆದುಬಿಡು. ಜೊತೆಗೆ ಬಂದವರು ಪಕ್ಕದಲ್ಲೇ ಕೂತ್ಕೋತಾರೆ. ಇನ್ನೊಂದು, ಬಾಗಿಲು ಸಭಿಕರ ಬೆನ್ನ ಹಿಂದೆ ಬರೋ ಹಾಗೆ ವೇದಿಕೆ ತಿರುಗಿಸು. ಬಾಗಿಲು ವೇದಿಕೆ ಪಕ್ಕದಲ್ಲಿದ್ದರೆ ತಡವಾಗಿ ಬಂದೋರೇ ಮುಖ್ಯ ಅತಿಥಿಗಳಾಗಿಬಿಡ್ತಾರೆ.”

ಅಲ್ಲಿಂದ ಮಾತು ಸ್ವಂತ ಕಥೆಯ ಕಡೆ ಹೊರಳಿತು. ಮೇಷ್ಟ್ರು ನೆಟ್ಟಗೆ ಕೂತರು.

“ಇದಕ್ಕೆ ಒಂದು ಅಚ್ಚು ಆಗಲೇ ಇದೆ,” ಅಂದರು ಪದ್ಮಕ್ಕ. “ನ್ಯೂಯಾರ್ಕಿನಲ್ಲಿ 1997ರಲ್ಲಿ ‘ದಿ ಮಾತ್’ ಅಂತ ಕಥೆ ಹೇಳಿಸೋ ಸಂಸ್ಥೆ ಶುರುವಾಯ್ತಲ್ಲ, ಅವರ ಸ್ಪರ್ಧೆಯ ಸಂಜೆಗಳ ನಿಯಮ ನೋಡಿ. ಕಥೆ ನಿಜವಾಗಿರಬೇಕು, ಹೇಳುವವರದ್ದೇ ಆಗಿರಬೇಕು, ಕೈಯಲ್ಲಿ ಕಾಗದ ಇರಬಾರದು. ಆಸೆ ಇದ್ದೋರು ಚೀಟಿ ಹಾಕ್ತಾರೆ, ಎತ್ತಿದ ಹತ್ತು ಹೆಸರಿಗೆ ವೇದಿಕೆ. ಒಬ್ಬೊಬ್ಬರಿಗೆ ಐದು ನಿಮಿಷ, ಮೇಲೆ ಒಂದು ನಿಮಿಷ ರಿಯಾಯಿತಿ.”

“ಐದೇ ನಿಮಿಷವೇ? ನಾನು ಹುಟ್ಟೋದಕ್ಕೇ ಅಷ್ಟು ಹೊತ್ತು ಬೇಕಲ್ಲಮ್ಮಾ!”

“ಅದಕ್ಕೇ ಹೇಳೋದು, ಕಥೇಲಿ ಹುಟ್ಟಬೇಡಿ. ಬಸ್ಸು ತಪ್ಪಿಹೋದ ಕಥೆ ಅಂದ್ರೆ ಬಸ್ಸಿನ ಹಿಂಭಾಗ ಕಾಣ್ತಿರೋ ಕ್ಷಣದಿಂದ ಶುರು ಮಾಡಿ. ಯಾವ ಊರು, ಯಾವ ಇಸವಿ, ತಾತನ ಉದ್ಯೋಗ ಏನು, ಇವೆಲ್ಲ ಬೇಕಾದರೆ ನಡುವೆ ತಾವಾಗೇ ಬರುತ್ತವೆ, ಬೇಡದಿದ್ದರೆ ಬರೋದೇ ಇಲ್ಲ.”

“ವಿಷಯ ಏನು ಕೊಡ್ತೀರಿ? ‘ಜೀವನ’ ಅಂತ ಇಟ್ಟರೆ ಚೆನ್ನಾಗಿರುತ್ತೆ.”

“ಜೀವನ ಅಂದ ತಕ್ಷಣ ಪ್ರವಚನ ಶುರುವಾಗುತ್ತೆ. ‘ಕಳೆದುಹೋದ ಕೀಲಿಕೈ’ ಅಂತ ಕೊಡಿ, ಕಥೆ ಬರುತ್ತೆ. ವಿಷಯ ಇಕ್ಕಟ್ಟಾದಷ್ಟೂ ನೆನಪು ಬೇಗ ಬಿಚ್ಚಿಕೊಳ್ಳುತ್ತೆ.”

ಪೂರ್ತಿ ಬಾಯಿಪಾಠ ಮಾಡಿಕೊಂಡು ಬರುವವರ ಪಾಡನ್ನು ಮಂಜಣ್ಣ ಎತ್ತಿದ. ನಡುವೆ ಒಂದು ಪದ ಮರೆತರೆ ಸಾಕು, ಮಗ್ಗಿ ಮರೆತ ಹುಡುಗನ ಹಾಗೆ ಮೊದಲಿಂದ ಶುರು ಮಾಡ್ತಾರೆ. ಇದಕ್ಕೆ ಪದ್ಮಕ್ಕನ ಮದ್ದು ಸರಳ: ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯ ಮಾತ್ರ ಬಾಯಿಗೆ ಬರಲಿ, ನಡುವಿನದ್ದು ನಾಲ್ಕೈದು ದೃಶ್ಯಗಳಾಗಿ ತಲೆಯಲ್ಲಿರಲಿ. ಕೊನೆಯ ವಾಕ್ಯ ಗೊತ್ತಿಲ್ಲದವರಿಗೆ ಇಳಿಯುವ ನಿಲ್ದಾಣ ಗೊತ್ತಿರುವುದಿಲ್ಲ. ‘ಹೀಗೆ...’, ‘ಒಟ್ಟಿನಲ್ಲಿ...’, ‘ಏನೇ ಹೇಳಿ...’ ಅನ್ನುತ್ತಾ ಸುತ್ತುತ್ತಲೇ ಇರುತ್ತಾರೆ. ಕಾರ್ಯಕ್ರಮಕ್ಕೆ ಒಂದು ವಾರ ಮೊದಲು ಒಂದು ಗಂಟೆ ತಾಲೀಮು ಇಟ್ಟು, ಫೋನಿನ ಸ್ಟಾಪ್‌ವಾಚ್ ಹಿಡಿದು ಹೇಳಿಸಿದರೆ ಅರ್ಧ ರೋಗ ಅಲ್ಲೇ ವಾಸಿ.

“ಗಂಟೆ ಹೊಡೆಯೋದು ಹೇಗೆ?” ಸೀನ ಕೇಳಿದ. “ಮುಖಕ್ಕೆ ಹೊಡೆದ ಹಾಗಾಗಲ್ವಾ?”

“ನಾಲ್ಕನೇ ನಿಮಿಷಕ್ಕೆ ಮುಂದಿನ ಸಾಲಿಂದ ಹಳದಿ ಕಾರ್ಡ್ ತೋರಿಸು, ಸದ್ದು ಬೇಡ. ಐದಕ್ಕೆ ಮೆಲ್ಲಗೆ ಒಂದು ಗಂಟೆ. ಆರಕ್ಕೆ ಇನ್ನೊಂದು, ಜೊತೆಗೆ ಚಪ್ಪಾಳೆ ಶುರು ಮಾಡಿಬಿಡು. ಚಪ್ಪಾಳೆಗೆ ಎದುರಾಗಿ ಮಾತಾಡೋ ಎದೆಗಾರಿಕೆ ಯಾರಿಗೂ ಇರಲ್ಲ. ನಿಯಮಾನ ಶುರುವಿನಲ್ಲೇ ಎಲ್ಲರ ಮುಂದೆ ಹೇಳಿಬಿಟ್ಟರೆ ಆಮೇಲೆ ಯಾರೂ ಮುನಿಸಿಕೊಳ್ಳೋ ಹಾಗಿಲ್ಲ.”

ಈ ಕಡೆ ಮಾತು ಸ್ವಲ್ಪ ಗಂಭೀರವಾಯಿತು. ಕಥೆ ಹೇಳುವವರದ್ದೇ ಇರಬಹುದು, ಆದರೆ ಅದರೊಳಗೆ ಅತ್ತೆ ಇರುತ್ತಾರೆ, ಹಳೆಯ ಮೇಲಧಿಕಾರಿ ಇರುತ್ತಾರೆ, ಮಗಳ ಖಾಯಿಲೆ ಇರುತ್ತದೆ. ಅವರ್‍ಯಾರೂ ಚೀಟಿ ಹಾಕಿರುವುದಿಲ್ಲ. ಹಾಗಾಗಿ ಹೆಸರು ಬದಲಿಸಬೇಕು, ಗುರುತು ಸಿಗುವಂಥದ್ದನ್ನು ಬಿಡಬೇಕು. ರೆಕಾರ್ಡ್ ಮಾಡುವುದಾದರೆ ವೇದಿಕೆ ಹತ್ತುವ ಮೊದಲೇ ಬರಹದಲ್ಲಿ ಒಪ್ಪಿಗೆ ಪಡೆಯಬೇಕು, ‘ಆಮೇಲೆ ಬೇಡ ಅನ್ನಿಸಿದರೆ ತೆಗೆಸಬಹುದು’ ಎಂಬ ಸಾಲೂ ಅದರಲ್ಲಿರಬೇಕು. ಇನ್ನೂ ಹಸಿಯಾಗಿರುವ ದುಃಖವನ್ನು ಯಾರಾದರೂ ತಾಲೀಮಿನಲ್ಲಿ ತಂದರೆ ಪಕ್ಕಕ್ಕೆ ಕರೆದು ಕೇಳಬೇಕು: ಇದನ್ನು ಈಗಲೇ ಹೇಳಬೇಕಾ, ಮುಂದಿನ ವರ್ಷ ಹೇಳ್ತೀರಾ?

“ಮೈಕಿಗೇ ಹೆದರೋರು ಇರ್ತಾರಲ್ಲ?” ಅಂದ ಮಂಜಣ್ಣ. ಮೈಕಿಗೆ ಯಾರಾದರೂ ಹೆದರುತ್ತಾರೆ ಅನ್ನುವುದೇ ಅವನಿಗೆ ಬೇಸರದ ಸಂಗತಿ.

“ಅಂಥವರಿಗೆ ‘ಹ್ಯೂಮನ್ ಲೈಬ್ರರಿ’ ಪದ್ಧತಿ ಇದೆ. 2000ದಲ್ಲಿ ಡೆನ್ಮಾರ್ಕಿನ ರೊಸ್ಕಿಲ್ಡೆ ಉತ್ಸವದಲ್ಲಿ ಶುರುವಾದದ್ದು. ಪುಸ್ತಕದ ಬದಲು ಮನುಷ್ಯರನ್ನೇ ಎರವಲು ತಗೊಳ್ಳೋದು. ಒಂದು ಮೇಜು, ಎರಡು ಕುರ್ಚಿ, ಅರ್ಧ ಗಂಟೆ ಮಾತು, ಆಮೇಲೆ ವಾಪಸ್.”

“ಮೇಷ್ಟ್ರನ್ನ ಎರವಲು ಕೊಟ್ಟರೆ ವಾಪಸ್ ಬರಲ್ಲ,” ಅಂದ ಸೀನ. “ದಂಡ ಯಾರು ಕಟ್ಟೋದು?”

ಮೇಷ್ಟ್ರು ಕೇಳಿಸದವರಂತೆ ಕನ್ನಡಕ ಒರೆಸಿಕೊಂಡರು.

ಮಂಜಣ್ಣನಿಗೆ ಇಷ್ಟು ಹೊತ್ತು ಸುಮ್ಮನಿದ್ದದ್ದೇ ಹೆಚ್ಚು. “ಮೈಕಿನ ಬಗ್ಗೆ ಎರಡು ಮಾತು,” ಅಂತ ಶುರು ಮಾಡಿ ಇಪ್ಪತ್ತು ಮಾತಾಡಿದ.

“ನೋಡಿ, ಸ್ಟೈಲಾಗಿ ಮೈಕಿನ ತಲೆಯ ಜಾಲರಿಯನ್ನೇ ಮುಷ್ಟೀಲಿ ಹಿಡೀತಾರಲ್ಲ, ಅದೇ ಕೂಗು ಬರೋಕೆ ಕಾರಣ. ಸಭೆಗಳಲ್ಲಿ ಬಳಸೋ ಕಾರ್ಡಿಯಾಯ್ಡ್ ಮೈಕು ಮುಂದಿಂದ ಬರೋ ಧ್ವನಿ ಹಿಡಿದು, ಹಿಂದಿಂದ ಬರೋದನ್ನ ಬಿಡೋ ಹಾಗೆ ಮಾಡಿರ್ತಾರೆ. ಜಾಲರಿಯ ಹಿಂಭಾಗದಿಂದಲೂ ಗಾಳಿ ಒಳಗೆ ಹೋದ್ರೇನೇ ಆ ಲೆಕ್ಕ ಕೂಡಿಬರೋದು. ಕೈಯಿಂದ ಮುಚ್ಚಿದ್ರೋ, ಅದು ಎಲ್ಲಾ ಕಡೆಯಿಂದಲೂ ಸದ್ದು ಎಳ್ಕೊಳ್ಳುತ್ತೆ. ಸ್ಪೀಕರಿನದ್ದು ಮೈಕಿಗೆ, ಮೈಕಿನದ್ದು ಸ್ಪೀಕರಿಗೆ, ಸುತ್ತಿ ಸುತ್ತಿ ‘ಕೂಂಯ್’ ಅನ್ನುತ್ತೆ. ಮೈಕಿನ ಹಿಡಿಕೆ ಹಿಡ್ಕೋಬೇಕು, ಬಾಯಿಗೂ ಮೈಕಿಗೂ ಒಂದು ಮುಷ್ಟಿ ಅಂತರ ಇರಬೇಕು. ಸ್ಪೀಕರ್ ಯಾವಾಗಲೂ ಮಾತಾಡೋರಿಗಿಂತ ಮುಂದೆ, ಸಭಿಕರ ಕಡೆ ಮುಖ ಮಾಡಿರಬೇಕು. ಮತ್ತೆ ದಯವಿಟ್ಟು ಮೈಕಿಗೆ ಊದಬೇಡಿ, ಅದೇನು ಒಲೆಯಲ್ಲ.”

“ನನ್ನ ಕಂಠಕ್ಕೆ ಮೈಕೇ ಬೇಡಪ್ಪ,” ಮೇಷ್ಟ್ರು ಎದೆಯುಬ್ಬಿಸಿದರು.

“ನಿಮಗೆ ಬೇಡ ಮೇಷ್ಟ್ರೇ, ಕೇಳೋರಿಗೆ ಬೇಕು. ಕೆಲವು ಸಭಾಂಗಣಗಳಲ್ಲಿ ಶ್ರವಣ ಸಾಧನದವರಿಗೆ ಅಂತ ಇಂಡಕ್ಷನ್ ಲೂಪ್ ಹಾಕಿರ್ತಾರೆ, ಧ್ವನೀನ ನೇರವಾಗಿ ಅವರ ಸಾಧನಕ್ಕೇ ಮುಟ್ಟಿಸೋ ತಂತಿಯ ಸುತ್ತು. ಅದಕ್ಕೆ ಹೋಗೋದು ಮೈಕಿನಲ್ಲಿ ಬಂದ ಧ್ವನಿ ಮಾತ್ರ. ನೀವು ಮೈಕ್ ಬಿಟ್ಟು ಗರ್ಜಿಸಿದರೆ ಅವರ ಪಾಲಿಗೆ ಮೂಕಿ ಚಿತ್ರ. ಸಭಿಕರ ಪ್ರಶ್ನೇನೂ ಹಾಗೇ, ಅವರ ಕೈಗೆ ಮೈಕ್ ಕೊಡಬೇಕು, ಇಲ್ಲಾಂದ್ರೆ ಸಭೆ ನಡೆಸೋ ನಿರ್ವಾಹಕರು ಮೈಕಿನಲ್ಲಿ ಪುನಃ ಹೇಳಬೇಕು. ಇನ್ನೊಂದು ವಿಷಯ, ವೈರ್‌ಲೆಸ್ ಮೈಕಿಗೆ ಪ್ರತಿ ಸಲವೂ ಹೊಸ ಸೆಲ್. ಹಳೇ ಸೆಲ್ ತಾಲೀಮಿನಲ್ಲಿ ಸಾಯಲ್ಲ, ಲೇಖಕರು ಕಣ್ಣೀರು ತುಂಬಿಕೊಂಡು ‘ಆಗ ನನ್ನ ತಾಯಿ...’ ಅಂದಾಗಲೇ ಸಾಯುತ್ತೆ.”

ಲೇಖಕರ ಮಾತಿಗೆ ಬಂದಾಗ ಪದ್ಮಕ್ಕ ಕೈಗೆ ಪೆನ್ನು ತಗೊಂಡರು. ಒಂದು ಗಂಟೆಯ ಲೆಕ್ಕ: ಪರಿಚಯ ಮೂರು ನಿಮಿಷ, ಸಂವಾದ ಮೂವತ್ತು, ಅದರೊಳಗೇ ಐದೈದು ನಿಮಿಷದ ಎರಡು ವಾಚನ, ಪ್ರಶ್ನೆಗೆ ಇಪ್ಪತ್ತು. ಉಳಿದ ಏಳು ನಿಮಿಷ ತಡವಾಗಿ ಶುರು ಮಾಡುವುದಕ್ಕೆ. ಅದು ಹೇಗೂ ಆಗೇ ಆಗುತ್ತದೆ.

“ಪರಿಚಯ ಮೂರೇ ನಿಮಿಷವೇ?” ಮೇಷ್ಟ್ರಿಗೆ ಸಂಕಟ. “ಪ್ರಶಸ್ತಿಗಳೇ ಎರಡು ಪುಟ ಇರ್ತವೆ.”

“ಮೂಗಿಗಿಂತ ಮೂಗುತಿ ಭಾರ ಆಗಬಾರದು. ಪ್ರಶಸ್ತಿ ಪಟ್ಟಿ ಪೋಸ್ಟರಿನಲ್ಲಿರಲಿ. ನಮ್ಮ ಗ್ರಂಥಾಲಯ ಶಾಸ್ತ್ರದ ರಂಗನಾಥನ್ 1931ರಲ್ಲೇ ಗ್ರಂಥಾಲಯಕ್ಕೆ ಐದು ಸೂತ್ರ ಬರೆದರಲ್ಲ, ನಾಲ್ಕನೆಯದು ಏನು? ಓದುಗರ ಸಮಯ ಉಳಿಸಿ ಅಂತ. ಕೇಳುಗರದ್ದೂ ಅಷ್ಟೇ ಅಂತ ಇಟ್ಕೊಳ್ಳಿ.”

“ಪ್ರಶ್ನೆ ಇದ್ದರೆ ಕೇಳಿ ಅಂದ ತಕ್ಷಣ ಸಭೆ ಕಲ್ಲಾಗಿಬಿಡುತ್ತಲ್ಲ ಪದ್ಮಕ್ಕ, ಆಗೇನು ಮಾಡೋದು?”

“ಮನಸ್ಸಲ್ಲೇ ಹತ್ತು ಎಣಿಸು ಸೀನ. ನಿರ್ವಾಹಕರು ಎರಡಕ್ಕೇ ಹೆದರಿ ‘ಸರಿ, ಪ್ರಶ್ನೆ ಇಲ್ಲ ಅನ್ನಿಸುತ್ತೆ’ ಅಂದುಬಿಡ್ತಾರೆ. ಅಷ್ಟರಲ್ಲಿ ಕೈ ಎತ್ತಬೇಕು ಅಂದುಕೊಂಡೋರು ಕೈಯನ್ನ ಅರ್ಧಕ್ಕೇ ತಂದು ತಲೆ ಕೆರ್ಕೋತಾರೆ. ಹತ್ತು ಎಣಿಸಿದರೂ ಬರದಿದ್ದರೆ ನಿರ್ವಾಹಕರ ಜೇಬಿನಲ್ಲಿ ಒಂದು ಪ್ರಶ್ನೆ ಇರಲಿ. ಎಲ್ಲಕ್ಕಿಂತ ಒಳ್ಳೇದು, ಕೂರೋವಾಗಲೇ ಎಲ್ಲರಿಗೂ ಚೀಟಿ, ಪೆನ್ಸಿಲ್ ಕೊಟ್ಟುಬಿಡೋದು. ಮಾತಾಡೋಕೆ ನಾಚೋರು ಬರೀತಾರೆ. ಒಂದೇ ಥರದ ನಾಲ್ಕು ಪ್ರಶ್ನೆ ಸೇರಿಸಿ ಒಂದು ಮಾಡಬಹುದು.”

“ಮೊದಲ ಪ್ರಶ್ನೆ ಯಾರಿಗೆ ಕೊಡ್ತೀವಿ ಅನ್ನೋದೂ ಮುಖ್ಯ,” ಅಂದ ಸೀನ. “2018ರಲ್ಲಿ ಪ್ಲಾಸ್ ಒನ್ ಅನ್ನೋ ವಿಜ್ಞಾನ ಪತ್ರಿಕೇಲಿ ಒಂದು ಅಧ್ಯಯನ ಬಂದಿತ್ತು, ವಿಶ್ವವಿದ್ಯಾಲಯದ ಸೆಮಿನಾರುಗಳ ಬಗ್ಗೆ. ಮೊದಲ ಪ್ರಶ್ನೆ ಗಂಡಸರು ಕೇಳಿದ ಕಡೆ, ಆಮೇಲೆ ಹೆಂಗಸರ ಪ್ರಶ್ನೆಗಳ ಪಾಲು ಕಡಿಮೆ ಇತ್ತಂತೆ.”

ಮೂವರೂ ಮೇಷ್ಟ್ರ ಕಡೆ ನೋಡಿದರು.

“ನಾನು ಪ್ರಶ್ನೆ ಕೇಳೋದೇ ಇಲ್ಲವಲ್ಲ,” ಅಂದರು ಮೇಷ್ಟ್ರು ಮುಗ್ಧವಾಗಿ. “ನನ್ನದು ಯಾವಾಗಲೂ ಪ್ರಶ್ನೆಯಲ್ಲ, ಒಂದು ಅನಿಸಿಕೆ.”

“ಅದೇ ರೋಗ!” ಮಂಜಣ್ಣ ಮೇಜು ಕುಟ್ಟಿದ. “ಅದಕ್ಕೆ ನನ್ನ ಹತ್ರ ಮದ್ದಿದೆ. ಪ್ರಶ್ನೆ ಕೇಳೋರ ಕೈಗೆ ಮೈಕ್ ಕೊಡಬೇಕು, ಆದರೆ ಕೊಡೋರು ಕೈ ಬಿಡಬಾರದು. ಬುಡ ಸ್ವಯಂಸೇವಕರ ಮುಷ್ಟೀಲೇ ಇರಲಿ. ಅನಿಸಿಕೆ ಎರಡನೇ ನಿಮಿಷಕ್ಕೆ ಕಾಲಿಟ್ಟ ತಕ್ಷಣ, ‘ಹಾಗಾದರೆ ನಿಮ್ಮ ಪ್ರಶ್ನೆ?’ ಅಂತ ನಿರ್ವಾಹಕರು ಕೇಳಬೇಕು, ಮೈಕು ತಾನಾಗೇ ಹಿಂದೆ ಸರೀಬೇಕು.”

ಹಸ್ತಾಕ್ಷರದ ಸಾಲಿಗೂ ಒಂದು ಉಪಾಯವಿದೆ. ಸಾಲಿನಲ್ಲಿ ನಿಂತಾಗಲೇ ಸ್ವಯಂಸೇವಕರೊಬ್ಬರು ಚೀಟಿಯಲ್ಲಿ ಓದುಗರ ಹೆಸರು ಬರೆಸಿ, ಲೇಖಕರು ಸಹಿ ಹಾಕುವ ಪುಟದಲ್ಲಿ ಸಿಕ್ಕಿಸಿಟ್ಟರೆ ‘ಶ’ನಾ ‘ಷ’ನಾ ಎಂಬ ವಿಚಾರಣೆ ತಪ್ಪುತ್ತದೆ. ಕಾರ್ಯಕ್ರಮದ ವಿಷಯಕ್ಕೆ ಹೊಂದುವ ಹತ್ತಿಪ್ಪತ್ತು ಪುಸ್ತಕಗಳನ್ನು ಬಾಗಿಲ ಹತ್ತಿರ ಮೇಜಿನ ಮೇಲಿಟ್ಟು, ಎರವಲು ಕೌಂಟರನ್ನು ಸಭೆ ಮುಗಿದ ಮೇಲೂ ಅರ್ಧ ಗಂಟೆ ತೆರೆದಿಡಬೇಕು. ಪುಸ್ತಕ ಬೇಕು ಅನ್ನಿಸುವ ಹೊತ್ತೇ ಅದು. ಆ ಹೊತ್ತಿಗೆ ಸರಿಯಾಗಿ ಕಂಪ್ಯೂಟರ್ ಆರಿಸುವ ಗ್ರಂಥಾಲಯಗಳೇ ಹೆಚ್ಚು. ಇದನ್ನು ಹೇಳುವಾಗ ಪದ್ಮಕ್ಕನ ಧ್ವನಿಯಲ್ಲಿ ಸಿಟ್ಟಿತ್ತು.

“ಇನ್ನು ಸಿನಿಮಾ,” ಸೀನ ಅಂಗೈ ಉಜ್ಜಿಕೊಂಡ. “ಡಿವಿಡಿ ನಮ್ಮಲ್ಲೇ ಇದೆ, ಹಾಕಿಬಿಡೋಣ.”

“ಡಿಸ್ಕ್ ನಮ್ಮದು, ತೋರಿಸೋ ಹಕ್ಕು ನಮ್ಮದಲ್ಲ,” ಪದ್ಮಕ್ಕ ತಡೆದರು. “ಕೊಂಡ ಡಿಸ್ಕು ಮನೇಲಿ ನೋಡೋದಕ್ಕೆ. ಸಾರ್ವಜನಿಕ ಪ್ರದರ್ಶನಕ್ಕೆ ಬೇರೆ ಪರವಾನಗಿ ಬೇಕು. ಬಿಟ್ಟಿ ಪ್ರವೇಶ ಅಂದಮಾತ್ರಕ್ಕೆ ಬಹುತೇಕ ದೇಶಗಳಲ್ಲಿ ವಿನಾಯಿತಿ ಸಿಗಲ್ಲ. ಓಟಿಟಿ ಖಾತೇನೂ ಹಾಗೇ, ಸಾಮಾನ್ಯವಾಗಿ ಸ್ವಂತ ಬಳಕೆಗೆ ಅಂತ ಷರತ್ತಿನಲ್ಲೇ ಬರೆದಿರುತ್ತೆ, ಯಾರೂ ಓದದ ಆ ಪುಟದಲ್ಲಿ. ಹಕ್ಕುದಾರರಿಂದ ಬರಹದಲ್ಲಿ ಒಪ್ಪಿಗೆ ಬಂದ ಮೇಲೇ ಪೋಸ್ಟರ್ ಅಂಟಿಸು. ಸಾಕ್ಷ್ಯಚಿತ್ರ ಮಾಡಿದೋರನ್ನ ನೇರವಾಗಿ ಕೇಳಿ ನೋಡು, ಒಮ್ಮೊಮ್ಮೆ ಒಪ್ಪಿಗೆ ಕೊಟ್ಟು ಚರ್ಚೆಗೂ ತಾವೇ ಬರ್ತಾರೆ.”

“ಪರದೆ?”

“ಕೆಳಗಿನ ಅಂಚು ನೆಲದಿಂದ ಒಂದೂಕಾಲು ಮೀಟರಾದರೂ ಮೇಲಿರಬೇಕು,” ಅಂದ ಮಂಜಣ್ಣ. “ಕೂತವರ ತಲೆ ಬರೋದು ಹೆಚ್ಚುಕಮ್ಮಿ ಅಷ್ಟೇ ಎತ್ತರಕ್ಕೆ. ಅದಕ್ಕಿಂತ ಕೆಳಗಿದ್ದರೆ ಅಡಿಬರಹದ ಬದಲು ಮುಂದಿನವರ ಬಕ್ಕತಲೆ ಓದಬೇಕಾಗುತ್ತೆ. ಪ್ರೊಜೆಕ್ಟರಿನ ಥ್ರೋ ಅನುಪಾತ, ಅಂದ್ರೆ ಚಿತ್ರದ ಅಗಲದ ಎಷ್ಟು ಪಟ್ಟು ದೂರದಲ್ಲಿಡಬೇಕು ಅನ್ನೋ ಲೆಕ್ಕ, 1.5 ಅಂತ ಇದ್ದರೆ, ಎರಡು ಮೀಟರ್ ಅಗಲದ ಚಿತ್ರಕ್ಕೆ ಮೂರು ಮೀಟರ್ ದೂರ ಬೇಕು. ಇದನ್ನ ಕುರ್ಚಿ ಹಾಕೋಕೆ ಮುಂಚೆ ಅಳೀಬೇಕು, ಆಮೇಲಲ್ಲ. ಎಚ್‌ಡಿಎಂಐ ಕೇಬಲ್ ಸಿಕ್ಕಿಸಿದ ತಕ್ಷಣ ಎಷ್ಟೋ ಸಲ ಧ್ವನಿ ಪ್ರೊಜೆಕ್ಟರಿನ ಒಳಗಿನ ಬೆರಳುದ್ದದ ಸ್ಪೀಕರಿಗೆ ಹೋಗಿಬಿಡುತ್ತೆ. ಲ್ಯಾಪ್‌ಟಾಪಿನಲ್ಲಿ ಔಟ್‌ಪುಟ್ ಬದಲಿಸಬೇಕು. ಸ್ಲೀಪ್, ಅಪ್‌ಡೇಟ್, ಮೆಸೇಜ್ ಸೂಚನೆ ಎಲ್ಲಾ ಬಂದ್. ಇಲ್ಲಾಂದ್ರೆ ಕಥಾನಾಯಕ ಪ್ರಾಣ ಬಿಡೋವಾಗ ಮೂಲೇಲಿ ‘ಅಮ್ಮ: ಬರ್ತಾ ಸೋಪಿನಪುಡಿ’ ಅಂತ ಬರುತ್ತೆ.”

ಅಡಿಬರಹದ ವಿಚಾರದಲ್ಲಿ ಸೀನನದ್ದೇ ಕೊನೆಯ ಮಾತು. “ಮೊದಲಿಂದಲೂ ಒಂದೇ ಸಮ ಎರಡು ಸೆಕೆಂಡ್ ಹಿಂದಿದ್ದರೆ ಸುಲಭ. ಸಿನಿಮಾ ಓಡಿಸೋ ವಿಎಲ್‌ಸಿ ಪ್ಲೇಯರಿನಲ್ಲಿ ಜಿ, ಎಚ್ ಕೀಲಿ ಒತ್ತಿದರೆ ಐವತ್ತೈವತ್ತು ಮಿಲಿಸೆಕೆಂಡ್ ಹಿಂದೆ ಮುಂದೆ ಸರಿಯುತ್ತೆ. ಆದರೆ ಶುರುವಿನಲ್ಲಿ ಸರಿಯಿದ್ದು ಹೋಗ್ತಾ ಹೋಗ್ತಾ ಹಿಂದೆ ಬಿದ್ದರೆ, ಅದು ಫ್ರೇಮಿನ, ಅಂದ್ರೆ ಸೆಕೆಂಡಿಗೆ ಎಷ್ಟು ಚಿತ್ರ ಓಡುತ್ತೆ ಅನ್ನೋದರ ತಕರಾರು. ಸೆಕೆಂಡಿಗೆ 23.976 ಫ್ರೇಮಿನ ಪ್ರತಿಗೆ ಮಾಡಿದ ಅಡಿಬರಹವನ್ನ 25 ಫ್ರೇಮಿನ ಪ್ರತಿಗೆ ಹಾಕಿದರೆ, ಒಂದು ಗಂಟೆ ಹೊತ್ತಿಗೆ ಸುಮಾರು ಎರಡೂವರೆ ನಿಮಿಷ ವ್ಯತ್ಯಾಸ. ನಾಯಕಿ ಮಣ್ಣಾಗಿರ್ತಾಳೆ, ಕೆಳಗೆ ಇನ್ನೂ ‘ನನ್ನನ್ನು ಮದುವೆಯಾಗು’ ಅಂತಿರುತ್ತೆ. ಹತ್ತು ನಿಮಿಷ ನೋಡಿ ಸರಿಯಿದೆ ಅಂದುಕೊಂಡು ಎದ್ದು ಹೋಗೋರು ಇದರಲ್ಲೇ ಮೋಸ ಹೋಗೋದು. ಶುರು, ಮಧ್ಯ, ಕೊನೆ, ಮೂರು ಕಡೆ ನೋಡಬೇಕು.”

“ಚರ್ಚೆ ಹೇಗೆ ಶುರು ಮಾಡ್ತೀಯ? ‘ಸಿನಿಮಾ ಹೇಗಿತ್ತು’ ಅಂತಲಾ?”

“ಹಾಗೆ ಕೇಳಿದರೆ ‘ಚೆನ್ನಾಗಿತ್ತು’ ಅಂತಾರೆ, ಅಲ್ಲಿಗೆ ಮುಗೀತು. ದೀಪ ಒಮ್ಮೆಲೇ ಹಾಕದೆ ನಿಧಾನವಾಗಿ ಹಾಕಬೇಕು, ಐದು ನಿಮಿಷ ಬಿಡುವು ಕೊಡಬೇಕು. ಹೋಗೋರು ಹೋಗ್ತಾರೆ, ಅವರನ್ನ ಬಾಗಿಲಲ್ಲಿ ಹಿಡಿದು ನಿಲ್ಲಿಸಬಾರದು. ಉಳಿದವರನ್ನ ಕುರ್ಚಿ ಸಮೇತ ಅರ್ಧವೃತ್ತಕ್ಕೆ ಎಳ್ಕೊಂಡು, ಯಾವುದೋ ಒಂದೇ ದೃಶ್ಯದ ಬಗ್ಗೆ ಕೇಳಬೇಕು: ‘ಬಾಗಿಲು ತೆರೆದ ಮೇಲೂ ಅವಳು ಒಳಗೆ ಯಾಕೆ ಬರಲಿಲ್ಲ?’ ಆಮೇಲೆ ಅವರೇ ಜಗಳ ಆಡ್ತಾರೆ, ನಾವು ಸುಮ್ಮನಿದ್ದರಾಯ್ತು. ಎರಡು ಗಂಟೆ ಚಿತ್ರಕ್ಕೆ ಅರ್ಧ ಗಂಟೆ ಜಗಳ ಸಾಕು.”

ಕೊನೆಗೆ ಉಳಿದದ್ದು ಅಭಿಪ್ರಾಯದ ಫಾರಂ. ಅರ್ಧ ಪುಟ, ಮೂರು ಪ್ರಶ್ನೆ: ಸುದ್ದಿ ಎಲ್ಲಿ ಸಿಕ್ಕಿತು, ಮುಂದೆ ಯಾರನ್ನು ಕರೆಸಬೇಕು, ಏನು ಬದಲಿಸಬೇಕು. ಮೇಷ್ಟ್ರು ನಾಲ್ಕನೆಯದಾಗಿ ‘ನಿಮ್ಮ ಅನಿಸಿಕೆ’ ಸೇರಿಸಬೇಕು, ಅದಕ್ಕೆ ಹಿಂಬದಿ ಪೂರ್ತಿ ಖಾಲಿ ಬಿಡಬೇಕು ಅಂತ ಪಟ್ಟು ಹಿಡಿದರು. ಮೈಕು ಕೊಡುವುದಕ್ಕಿಂತ ಕಾಗದ ಕೊಡುವುದು ಕ್ಷೇಮ ಅಂತ ಪದ್ಮಕ್ಕ ತಕ್ಷಣ ಒಪ್ಪಿದರು.

“ಜನ ಏನು ಬರೀತಾರೆ ಪದ್ಮಕ್ಕ ಇದರಲ್ಲಿ?” ಸೀನನ ಕುತೂಹಲ.

“ಒಬ್ಬರು ಫ್ಯಾನ್ ಜೋರಾಯ್ತು ಅಂತಾರೆ, ಇನ್ನೊಬ್ಬರು ಸೆಕೆ ತಡೆಯಕ್ಕಾಗಲಿಲ್ಲ ಅಂತಾರೆ.”

“ಎಲ್ಲೆಲ್ಲಿ ಕೂತಿರ್ತಾರೋ, ಪಾಪ.”

“ಅಕ್ಕಪಕ್ಕ,” ಅಂದರು ಪದ್ಮಕ್ಕ, ಫಾರಮಿನ ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕುತ್ತಾ.