ಅಪ್‌ಡೇಟ್: ಫೋಕಸ್ ಸ್ಟ್ಯಾಕಿಂಗ್‌ನಲ್ಲಿ ತಪ್ಪುತ್ತಿದ್ದ ಫ್ರೇಮ್‌ಗಳು

ಫೋಕಸ್ ಸ್ವಲ್ಪಸ್ವಲ್ಪವೇ ಸರಿಸಿ ತೆಗೆದ ಹಲವು ಫ್ರೇಮ್‌ಗಳನ್ನು ಸೇರಿಸಿ ಪೂರ್ತಿ ಚೂಪಾದ ಒಂದೇ ಚಿತ್ರ ಮಾಡುವುದು ಫೋಕಸ್ ಸ್ಟ್ಯಾಕಿಂಗ್. ಇದಕ್ಕಾಗಿ ಆರ್ಡುಯಿನೊ ನ್ಯಾನೊ ಎಂಬ ಪುಟ್ಟ ನಿಯಂತ್ರಕ ಬೋರ್ಡಿನಿಂದ ಕ್ಯಾನನ್ ಮಿರರ್‌ಲೆಸ್ ಕ್ಯಾಮೆರಾದ ಶಟರ್ ಒತ್ತಿಸುವಾಗ ನಡುನಡುವೆ ಫ್ರೇಮ್ ತಪ್ಪುತ್ತದೆ ಎಂದು ಕೇಳಿದ್ದೆ. ಈಗ ಸರಿಹೋಗಿದೆ.

ತಪ್ಪು ವೈರಿಂಗ್‌ನದ್ದಲ್ಲ, ಕ್ರಮದ್ದು. ಕ್ಯಾಮೆರಾದ ರಿಮೋಟ್‌ಗೆ ಚುಚ್ಚುವ 2.5 ಮಿ.ಮೀ. ಜ್ಯಾಕ್‌ನಲ್ಲಿ ತುದಿ ಶಟರ್, ನಡುವಿನ ಉಂಗುರ ಫೋಕಸ್, ಬುಡ ಗ್ರೌಂಡ್. ನಾನು ಶಟರ್ ಲೈನನ್ನಷ್ಟೇ ಕ್ಷಣಕಾಲ ಗ್ರೌಂಡಿಗೆ ಜೋಡಿಸುತ್ತಿದ್ದೆ. ಕ್ಯಾಮೆರಾ ನಿದ್ದೆಗೆ ಜಾರಿದ್ದರೆ ಆ ಸಣ್ಣ ಪಲ್ಸ್ ಅದನ್ನು ಎಬ್ಬಿಸುವುದರಲ್ಲೇ ಮುಗಿಯುತ್ತಿತ್ತು. ಈಗ ಮೊದಲು ಫೋಕಸ್ ಲೈನ್, 500 ಮಿಲಿಸೆಕೆಂಡ್ ಬಿಟ್ಟು ಶಟರ್ 200 ಮಿಲಿಸೆಕೆಂಡ್, ಆಮೇಲೆ ಎರಡೂ ಬಿಡುಗಡೆ. ಆಟೋ ಪವರ್ ಆಫ್ ಬಂದ್, ಲೆನ್ಸ್ ಮ್ಯಾನುಯಲ್ ಫೋಕಸ್‌ನಲ್ಲಿ.

ಲೈನಿಗೊಂದರಂತೆ ಎರಡು ಪಿಸಿ817 ಆಪ್ಟೊಕಪ್ಲರ್ (ಬೋರ್ಡನ್ನೂ ಕ್ಯಾಮೆರಾವನ್ನೂ ವಿದ್ಯುತ್ತಿನಲ್ಲಿ ಬೇರೆಯಾಗಿಟ್ಟು ಬೆಳಕಿನಿಂದ ಸ್ವಿಚ್ ಮಾಡುವ ಬಿಡಿಭಾಗ), ತಲಾ 330 ಓಮ್ ರೆಸಿಸ್ಟರ್. ಎಲ್ಲವೂ ಮುಂಬೈನ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುತ್ತವೆ. ಆಪ್ಟೊಕಪ್ಲರಿನ ಕಲೆಕ್ಟರ್ ಕಾಲು ಕ್ಯಾಮೆರಾ ಲೈನಿಗೆ, ಎಮಿಟರ್ ಗ್ರೌಂಡಿಗೆ. ತಿರುಗುಮುರುಗಾದರೆ ಕೆಲಸ ಮಾಡದು.

ಫ್ರೇಮ್‌ಗಳ ನಡುವೆ ಕ್ಯಾಮೆರಾವನ್ನು ಸರಿಸುವ, ಸ್ಟೆಪರ್ ಮೋಟರ್ ಇರುವ ರೇಲು ಸ್ಕ್ರೂವಿನ ಒಂದು ಸುತ್ತಿಗೆ 2 ಮಿ.ಮೀ. ಸರಿಯುತ್ತದೆ. ಮೋಟರಿನ ಒಂದು ಹೆಜ್ಜೆಯನ್ನು 16 ಪಾಲು ಮಾಡುವ 1/16 ಮೈಕ್ರೊಸ್ಟೆಪ್‌ನಲ್ಲಿ ಸುತ್ತಿಗೆ 3200 ಹೆಜ್ಜೆ, ಅಂದರೆ 50 ಮೈಕ್ರಾನಿಗೆ 80. 2 ಪಟ್ಟು ವರ್ಧನೆ, ಎಫ್5.6 ಅಪರ್ಚರ್‌ಗೆ ಫ್ರೇಮ್‌ಗಳ ನಡುವೆ ಈ 50 ಮೈಕ್ರಾನ್ ಸಾಕು, 4 ಮಿ.ಮೀ. ಆಳಕ್ಕೆ 81 ಫ್ರೇಮ್. ಯಾವಾಗಲೂ ಒಂದೇ ದಿಕ್ಕಿನಲ್ಲಿ ಸರಿಸಿ, ಇಲ್ಲದಿದ್ದರೆ ನಟ್ಟಿನ ಸಡಿಲು ಮೊದಲ ಕೆಲವು ಫ್ರೇಮ್‌ಗಳನ್ನು ತಿನ್ನುತ್ತದೆ.

ಪ್ರತಿ ಚಲನೆಯ ನಂತರ ನಡುಕ ನಿಲ್ಲಲು 2 ಸೆಕೆಂಡ್ ತಡೆಯಲೇಬೇಕು. ಮಾಟುಂಗಾದಂತೆ ಹಳಿಯ ಪಕ್ಕದ ಮನೆಯಾದರೆ, ಲೋಕಲ್ ರೈಲು ಹಾಯುವಾಗಿನ ನಡುಕಕ್ಕೆ ಈ ಕಾಯುವಿಕೆಯೂ ಸಾಲದು. ಅಲ್ಲಿ ಫ್ಲ್ಯಾಶ್ ಕಡಿಮೆ ಪವರ್‌ನಲ್ಲಿಟ್ಟು ಮಿಂಚಿನ ಅವಧಿ ಚಿಕ್ಕದಾಗಿಸಿದರೆ ಮಾತ್ರ ಚಿತ್ರ ಚೂಪಾಗಿ ಬರುತ್ತದೆ.