ಗುಹೆಯ ಜನಕ್ಕೆ ಒಂದು ಭಾಷೆ ಬೇಕಿತ್ತು

ಪ್ರಶ್ನೆ (ತುಮಕೂರಿನಿಂದ, ಶಾಲೆ ಮೇಷ್ಟ್ರು):

ನಮಸ್ಕಾರ ಸಾರ್. ಬೇಸಿಗೆ ಶಿಬಿರಕ್ಕೆ ಮಕ್ಕಳ ನಾಟಕ ಮಾಡಿಸ್ತಿದ್ದೀನಿ. ದೇವರಾಯನದುರ್ಗದಲ್ಲಿ ದಾರಿ ತಪ್ಪಿದ ಹುಡುಗಿಯೊಬ್ಬಳು ಗುಹೆಯಲ್ಲಿರೋ ಜನರ ಕೈಗೆ ಸಿಗ್ತಾಳೆ. ಮೊದಲು ಅವಳನ್ನ ಹತ್ತಿರ ಸೇರಿಸಲ್ಲ, ಕೊನೆಗೆ ನಮ್ಮವಳೇ ಅಂತ ಒಪ್ಕೋತಾರೆ. ಕಥೆ ಇಷ್ಟೇ. ಆ ಜನ ಕನ್ನಡ ಮಾತಾಡಿದರೆ ಏನು ಚೆಂದ ಅಂತ ನಾನೇ ಒಂದು ಭಾಷೆ ಮಾಡಿದೆ, ಬಾಹುಬಲಿ ಸಿನಿಮಾದ ಕಾಲಕೇಯರ ಥರ ಗಡಸಾಗಿರಲಿ ಅಂತ. ಇನ್ನೂರು ಪದ ದಾಟಿದೆ, ಎರಡು ನೋಟ್‌ಬುಕ್ ತುಂಬಿದೆ. ಒಂದು ಸ್ಯಾಂಪಲ್: ‘ನಾವು ನೀರನ್ನು ಕುಡಿಯುತ್ತೇವೆ’ ಅನ್ನೋದಕ್ಕೆ ‘ಝ್ರಾವು ಘ್ರೂಷನ್ನು ಥ್ರಖ್ಯುತ್ತೇವೆ’. ಪ್ರಾಕ್ಟೀಸಲ್ಲಿ ಮಕ್ಕಳಿಗೆ ನಾಲಿಗೆ ತಿರುಗ್ತಿಲ್ಲ. ಕೂತು ನೋಡ್ತಿದ್ದ ಅಡುಗೆಯವರು ‘ಏನ್ ಮೇಷ್ಟ್ರೇ, ಮಾಟ ಮಾಡಿಸ್ತಿದ್ದೀರಾ?’ ಅಂದುಬಿಟ್ಟರು. ಎಲ್ಲಿ ಎಡವಿದೆ ಅಂತ ಹೇಳ್ತೀರಾ?

ಉತ್ತರ:

ಮೇಷ್ಟ್ರೇ, ಪದಗಳು ಹಾಗಿರಲಿ, ವಾಕ್ಯದ ಬಾಲ ನೋಡಿ. ‘ಅನ್ನು’ ಎಲ್ಲಿತ್ತೋ ಅಲ್ಲೇ ಇದೆ. ‘ಉತ್ತೇವೆ’ ಕದಲಿಲ್ಲ. ಇದು ಮೀಸೆ ಅಂಟಿಸಿಕೊಂಡ ಕನ್ನಡ. ಚಿಂತಾಮಣಿಯಲ್ಲಿ ನಾವು ಹುಡುಗರಾಗಿದ್ದಾಗ ‘ಕ ಭಾಷೆ’ ಅಂತ ಆಡ್ತಿದ್ವಿ, ಪ್ರತಿ ಅಕ್ಷರದ ಮುಂದೆ ಒಂದು ಕ. ‘ಕನೀಕನು ಕಬಾ’ ಅಂದರೆ ‘ನೀನು ಬಾ’. ದೊಡ್ಡವರಿಗೆ ತಿಳಿಯಲ್ಲ ಅನ್ನೋ ಧೈರ್ಯದಲ್ಲಿ ಒಂದು ದಿನ ಏನೇನೋ ಮಾತಾಡ್ತಿದ್ದಾಗ ಅಮ್ಮ ಒಲೆ ಮುಂದೆ ಕೂತೇ ‘ಕಬಾಕಯಿ ಕಮುಕಚ್ಚು’ ಅಂದಳು. ನಿಮ್ಮ ಭಾಷೆಗೂ ಅದೇ ಗತಿ.

ಕಾಲೇಜಲ್ಲಿ ಭಾಷಾವಿಜ್ಞಾನ ಪಾಠ ಮಾಡಿ ನಿವೃತ್ತನಾದ ಮೇಲೆ ನಾನು ಗೇಮ್ ಮಾಡೋ ಹುಡುಗರಿಗೆ ಇಂಥ ಭಾಷೆಗಳನ್ನ ಕಟ್ಟಿಕೊಡ್ತಿದ್ದೀನಿ. ಎಲ್ಲರೂ ಪದಗಳ ಪಟ್ಟಿ ಹಿಡ್ಕೊಂಡೇ ಬರ್ತಾರೆ. ನಾನು ಕೇಳೋದು ಇನ್ನೊಂದು ಪಟ್ಟಿ: ಈ ಜನರ ಬಾಯಿಗೆ ಏನೇನು ಬರಲ್ಲ? ಕನ್ನಡವನ್ನೇ ತಗೊಳ್ಳಿ. ಬಸ್, ಕಾರ್, ಬೆಂಚ್ ನಮ್ಮೂರಿಗೆ ಬಂದು ಬಸ್ಸು, ಕಾರು, ಬೆಂಚು ಆದವು. ಯಾರೂ ಸಭೆ ಕರೆದು ತೀರ್ಮಾನ ಮಾಡಲಿಲ್ಲ. ಪದ ವ್ಯಂಜನದ ಮೇಲೆ ನಿಲ್ಲೋದು ಈ ಬಾಯಿಗೆ ಒಗ್ಗಲ್ಲ, ಒಂದು ‘ಉ’ ಹಾಕಿ ಕೂರಿಸ್ತು. ಸ್ಕೂಲಿಗೆ ಮುಂದೊಂದು ‘ಇ’ ಹಾಕಿ ಇಸ್ಕೂಲು ಮಾಡ್ತು, ಸ್ಟೇಷನ್ನಿನ ತಲೆ ತೆಗೆದು ಟೇಸನ್ನು ಮಾಡ್ತು. ಕನ್ನಡದ ದನಿ ಬಂದಿರೋದೇ ಈ ಹಟದಿಂದ. ನಿಮ್ಮ ಗುಹೆಯವರಿಗೂ ಒಂದು ಹಟ ಕೊಡಿ.

ಝ, ಘ, ಥ, ಖ ಇವನ್ನ ಇವತ್ತೇ ತೆಗೀರಿ. ನಮ್ಮ ಕಡೆ ಮಕ್ಕಳು ಮನೇಲಿ ಭೂಮಿಗೆ ಬೂಮಿ ಅಂತಾರೆ, ಹಾಲಿಗೆ ಆಲು ಅಂತಾರೆ. ಅದು ತಪ್ಪೇನಲ್ಲ, ಅವರ ಮಾತು ಹಾಗೆ. ಆದರೆ ವೇದಿಕೆ ಮೇಲೆ ನಿಮ್ಮ ‘ಘ್ರೂ’ ‘ಗ್ರೂ’ ಆಗುತ್ತೆ, ಮೂರನೇ ಸಾಲಲ್ಲಿ ಕೂತವರಿಗೆ ಎರಡೂ ಒಂದೇ. 2015ರ ಆ ಚಿತ್ರಕ್ಕೆ ಮದನ್ ಕಾರ್ಕಿ ಮಾಡಿದ ಕಿಲಿಕಿ ದಂಡೆತ್ತಿ ಬಂದವರ ಭಾಷೆ, ನಾಲಿಗೆ ಲೊಟಲೊಟ ಅನ್ನಿಸೋ ಸದ್ದು ಅಲ್ಲಿಗೆ ಸರಿ. ನಿಮ್ಮವರು ಈ ಬಂಡೆಯಿಂದ ಆ ಬಂಡೆಗೆ ಕೂಗಿ ಮಾತಾಡೋ ಜನ. ಕೂಗಿದಾಗ ಕಿವಿಗೆ ತಲುಪೋದು ಸ್ವರ. ಒತ್ತಕ್ಷರ ದಾರೀಲೇ ಉದುರಿ ಹೋಗುತ್ತೆ.

ಹಾಗಾಗಿ ಹೀಗೆ ಮಾಡಿ ನೋಡಿ. ವ್ಯಂಜನ ಎಂಟು: ಪ, ತ, ಕ, ಮ, ನ, ಲ, ಸ, ವ. ಸ್ವರ ಮೂರು: ಅ, ಇ, ಉ, ಬೇಕಾದ ಕಡೆ ದೀರ್ಘ. ಎ, ಒ ಎರಡೂ ಇಲ್ಲ. ಒತ್ತಕ್ಷರ ಇಲ್ಲವೇ ಇಲ್ಲ. ಪದ ಸ್ವರದಿಂದ ಶುರುವಾಗಬಾರದು. ಕೊನೆಯಲ್ಲಿ ನಿಲ್ಲಬಹುದಾದ ವ್ಯಂಜನ ‘ನ್’ ಒಂದೇ. ಬಡ ಭಾಷೆ ಆಯ್ತು ಅಂತ ಬೇಜಾರಾಗಬೇಡಿ, ಹವಾಯಿ ಭಾಷೆಗೂ ವ್ಯಂಜನ ಎಂಟೇ. ಎಂಟು ಮೂರ್ಲಿ ಇಪ್ಪತ್ನಾಲ್ಕು. ಎರಡಕ್ಷರದ ಪದಗಳೇ 24×24, ಅಂದರೆ 576 ಆಗ್ತವೆ, ಅದೂ ದೀರ್ಘ ಲೆಕ್ಕಕ್ಕೆ ತಗೊಳ್ಳದೆ. ಮುಕ್ಕಾಲು ಗಂಟೆ ನಾಟಕಕ್ಕೆ ಅರವತ್ತು ಪದ ಧಾರಾಳ.

ಯಾವುದಕ್ಕೆ ಯಾವ ಪದ ಅನ್ನೋದಕ್ಕೆ ಕಿವಿಯನ್ನೇ ಕೇಳಿ. 1929ರಲ್ಲಿ ಕೋಲರ್ ಅನ್ನೋ ಜರ್ಮನ್ ಮನಶ್ಶಾಸ್ತ್ರಜ್ಞ (ನಮ್ಮ ಕೋಲಾರಕ್ಕೂ ಅವರಿಗೂ ನೆಂಟಸ್ತಿಕೆ ಇಲ್ಲ) ಒಂದು ಚೂಪು ಚಿತ್ರ, ಒಂದು ದುಂಡು ಚಿತ್ರ ಇಟ್ಟು, ಅರ್ಥವಿಲ್ಲದ ಎರಡು ಹೆಸರಲ್ಲಿ ಯಾವುದು ಯಾವುದಕ್ಕೆ ಅಂತ ಕೇಳಿದ್ದರು. 2001ರಲ್ಲಿ ರಾಮಚಂದ್ರನ್ ಮತ್ತು ಹಬ್ಬರ್ಡ್ ಅದನ್ನೇ ‘ಬೂಬಾ’, ‘ಕಿಕಿ’ ಅನ್ನೋ ಹೆಸರಿಟ್ಟು ಅಮೆರಿಕದವರನ್ನೂ ಕೇಳಿದರು, ತಮಿಳು ಮಾತಾಡೋರನ್ನೂ ಕೇಳಿದರು. ಎರಡೂ ಕಡೆ ಹೆಚ್ಚಿನವರು ಚೂಪಿಗೆ ಕಿಕಿ, ದುಂಡಿಗೆ ಬೂಬಾ ಅಂದರು. ಹಾಗಾಗಿ ಕಲ್ಲಿಗೆ ‘ಕಿಪಾ’ ಅನ್ನಿ, ನೀರಿಗೆ ‘ಲುಮಾ’ ಅನ್ನಿ, ಬೆಂಕಿಗೆ ‘ಸಪಾನ್’. ಎಲ್ಲ ಪದಕ್ಕೂ ಹೀಗೆ ಹೊಂದಿಸೋಕೆ ಹೋಗಬೇಡಿ, ಕಾರ್ಟೂನ್ ಥರ ಆಗುತ್ತೆ.

ಮೇಷ್ಟ್ರು, ನಾಲ್ಕು ದಿನದ ಮೇಲೆ:

ಸಾರ್, ಸದ್ದು ಸರಿಹೋಯ್ತು. ಅಡುಗೆಯವರೇ ‘ಲುಮಾ ಬೇಕಾ?’ ಅಂತ ಕೇಳ್ಕೊಂಡು ಓಡಾಡ್ತಿದ್ದಾರೆ. ಆದರೆ ಸಪಾನ್ ಅಂತ ಎಷ್ಟು ಹೇಳಿಕೊಟ್ಟರೂ ಮಕ್ಕಳು ಸಪಾನು ಅಂತಾರೆ. ಮತ್ತೆ ಈ ವ್ಯಾಕರಣ ಅನ್ನೋದನ್ನ ಎಲ್ಲಿಂದ ಹಿಡೀಬೇಕು?

ಉತ್ತರ:

ಬಸ್ಸಿಗೆ ಆದದ್ದೇ ಸಪಾನ್‌ಗೂ ಆಗಿದೆ. ಮಕ್ಕಳ ಮೇಲೆ ರೇಗಬೇಡಿ, ಕೊನೆಯ ‘ನ್’ ತೆಗೆದುಹಾಕಿ. ಬೆಂಕಿ ‘ಸಪಾ’ ಆಗಲಿ. ಆಡೋರ ಬಾಯಿ ಒಪ್ಪದ ನಿಯಮ ನೋಟ್‌ಬುಕ್ಕಲ್ಲಿದ್ದು ಏನು ಮಾಡೋದು? ಹಾಗೇ ಪದದ ನಡುವಿನ ‘ಕ’ ಯಾರ ಬಾಯಲ್ಲಾದರೂ ‘ಗ’ ಆದರೆ ಬಿಟ್ಟುಬಿಡಿ. ತಮಿಳಲ್ಲಿ ಎರಡಕ್ಕೂ ಒಂದೇ ಅಕ್ಷರ, ಅವರ ಸಂಸಾರ ಚೆನ್ನಾಗೇ ನಡೀತಿದೆ.

ವ್ಯಾಕರಣಕ್ಕೆ ಬರೋಣ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ, ವಿಭಕ್ತಿ ನಾಮಪದದ ಹಿಂದೆ: ಗುಹೆ-ಯಲ್ಲಿ. ಇವೆರಡೂ ಜೋಡೆತ್ತು. 1963ರಲ್ಲಿ ಜೋಸೆಫ್ ಗ್ರೀನ್‌ಬರ್ಗ್ ಅನ್ನೋ ಭಾಷಾವಿಜ್ಞಾನಿ 30 ಭಾಷೆಗಳನ್ನ ಪಕ್ಕಪಕ್ಕ ಇಟ್ಟು ನೋಡಿದರು, ಅದರಲ್ಲಿ ನಮ್ಮ ಕನ್ನಡವೂ ಇತ್ತು. ಕ್ರಿಯಾಪದ ಕೊನೆಗೆ ಬರೋ ಭಾಷೆಗಳಲ್ಲಿ ‘ಅಲ್ಲಿ’, ‘ಇಂದ’ದಂಥವು ಸಾಮಾನ್ಯವಾಗಿ ನಾಮಪದದ ಹಿಂದೆ ಬರ್ತವೆ, ಜಪಾನೀ ತುರ್ಕಿಗಳಲ್ಲೂ ಹಾಗೇ. ಕ್ರಿಯಾಪದ ಮೊದಲೇ ಬರೋ ವೆಲ್ಶ್‌ನಂಥ ಭಾಷೆಗಳಲ್ಲಿ ಅವು ನಾಮಪದದ ಮುಂದೆ ಹೋಗ್ತವೆ. ನಿಮ್ಮ ಭಾಷೆ ಕನ್ನಡದ ನೆರಳಿನಿಂದ ಆಚೆ ಬರಬೇಕಾದರೆ ಕ್ರಿಯಾಪದವನ್ನ ಮುಂದೆ ತನ್ನಿ, ‘ಒಳಗೆ’ ಅನ್ನೋದನ್ನ ಗುಹೆಯ ಮುಂದಿಡಿ. ಕುಡಿ ‘ತುವಾ’, ಒಳಗೆ ‘ಪಿ’, ಗುಹೆ ‘ಕುಸಾ’ ಅಂತಿಟ್ಟುಕೊಳ್ಳಿ. ಜೋಡಿಯನ್ನ ಬೇಕಂತಲೇ ಮುರೀಬಹುದು. ಸ್ಟಾರ್ ಟ್ರೆಕ್ ಸಿನಿಮಾಗಳಿಗೆ ಕ್ಲಿಂಗನ್ ಭಾಷೆ ಮಾಡಿದ ಮಾರ್ಕ್ ಒಕ್ರಾಂಡ್ ಮೊದಲು ಕರ್ಮ, ಆಮೇಲೆ ಕ್ರಿಯೆ, ಕೊನೆಗೆ ಕರ್ತೃ ಅಂತ ಇಟ್ಟರು. ಲೋಕದಲ್ಲಿ ತೀರಾ ಅಪರೂಪದ ಕ್ರಮ ಅಂತ ಗೊತ್ತಿದ್ದೇ ಇಟ್ಟಿದ್ದು, ಅವು ಅನ್ಯಗ್ರಹದ ಜೀವಿಗಳಲ್ವಾ. ನಿಮ್ಮವರು ದುರ್ಗದವರು, ಅಷ್ಟು ದೂರ ಹೋಗೋದು ಬೇಡ.

ಈಗ ನಾಟಕಕ್ಕೇ ಬೇಕಾದ ಒಂದು ವಿಷಯ. ನಮ್ಮನೇಲಿ ತೆಲುಗು, ಅಂಗಡಿ ಬೀದೀಲಿ ಕನ್ನಡ, ಬಂಗಾರಪೇಟೆ ಬೀಗರ ಮನೇಲಿ ತಮಿಳು. ಕನ್ನಡದಲ್ಲಿ ‘ನಾವು ಊಟಕ್ಕೆ ಹೋಗ್ತೀವಿ’ ಅಂದರೆ ಎದುರಿಗಿರೋನು ಎದ್ದು ಬರಬೇಕೋ ಕೂತಿರಬೇಕೋ ಗೊತ್ತಾಗಲ್ಲ. ತೆಲುಗಲ್ಲಿ ಆ ಫಜೀತಿ ಇಲ್ಲ. ‘ಮನಮು’ ಅಂದರೆ ನೀನೂ ಸೇರಿ, ‘ಮೇಮು’ ಅಂದರೆ ನಿನ್ನನ್ನ ಬಿಟ್ಟು. ತಮಿಳಲ್ಲಿ ‘ನಾಮ್’, ‘ನಾಂಗಳ್’. ನಿಮ್ಮ ಪಾವಗಡದ ಕಡೆಯವರನ್ನ ಕೇಳಿ, ಮೂರು ವರ್ಷದ ಮಗುವೂ ತಪ್ಪು ಮಾಡಲ್ಲ. ಪಾಪುವಾ ನ್ಯೂಗಿನಿಯ ಟೋಕ್ ಪಿಸಿನ್ ಭಾಷೇಲಿ ‘ನೀನು’ ಮತ್ತು ‘ನಾನು’ ಎರಡನ್ನೂ ಅಂಟಿಸಿ ‘ಯುಮಿ’ ಅಂತಾರೆ, ನೀನೂ ಸೇರಿದ ‘ನಾವು’ ಅಂದರೆ ಅದು.

ನೀವೂ ಅದನ್ನೇ ಮಾಡಿ. ನಾನು ‘ನು’, ನೀನು ‘ಲಾ’. ನಾವು ನಾವೇ ಅನ್ನೋದಕ್ಕೆ ‘ನುನು’, ನೀನೂ ಸೇರಿ ಅನ್ನೋದಕ್ಕೆ ‘ನುಲಾ’. ಮೊದಲ ದೃಶ್ಯದಲ್ಲಿ ಹುಡುಗಿ ಬಾಯಾರಿ ನಿಂತಿದ್ದಾಳೆ, ಗುಹೆಯವರು ಮಡಕೆ ಅಪ್ಪಿಕೊಂಡು ‘ತುವಾ ನುನು ಲುಮಾ’ ಅಂತಾರೆ. ಕೊನೇ ದೃಶ್ಯದಲ್ಲಿ ಅಜ್ಜಿ ಅದೇ ಮಡಕೆ ಮುಂದೆ ಹಿಡಿದು ‘ತುವಾ ನುಲಾ ಲುಮಾ, ಪಿ ಕುಸಾ’ ಅನ್ನಲಿ. ‘ನಾವು’ ಅನ್ನೋದರಲ್ಲಿ ಒಂದಕ್ಷರ ಬದಲಾಗಿದೆ ಅಷ್ಟೇ. ಮಧ್ಯೆ ಎಲ್ಲೂ ಅರ್ಥ ಬಿಡಿಸಿ ಹೇಳಬೇಡಿ. ‘ನುನು’ ಅನ್ನೋದನ್ನ ಏಳೆಂಟು ಸಲ ಪ್ರೇಕ್ಷಕರ ಕಿವಿಗೆ ಹಾಕಿ, ಪ್ರತಿ ಸಲ ಹುಡುಗಿಯನ್ನ ಆಚೆ ನಿಲ್ಲಿಸಿ.

ಲಿಂಗ, ಕಾಲ ಇವಕ್ಕೆ ಈಗ ತಲೆ ಕೆಡಿಸ್ಕೋಬೇಡಿ. ಬಹುವಚನಕ್ಕೆ ಪದವನ್ನ ಎರಡು ಸಲ ಹೇಳಿ, ಇಂಡೊನೇಷ್ಯಾದವರು ಮಾಡೋ ಹಾಗೆ. ಕಲ್ಲುಗಳು ‘ಕಿಪಾಕಿಪಾ’. ಮಕ್ಕಳಿಗೆ ಇದು ಆಟದ ಥರ ಬರುತ್ತೆ.

ಪ್ರಶ್ನೆ (ಕೋಲಾರದಿಂದ, ಬಿ.ಎ. ವಿದ್ಯಾರ್ಥಿನಿ):

ಸಾರ್, ನಾನು ಕಾದಂಬರಿ ಬರೀತಿದ್ದೀನಿ. ಬೆಟ್ಟದ ಆಚೆ ಈಚೆ ಎರಡು ಊರು, ಒಂದು ಕಾಲಕ್ಕೆ ಒಂದೇ ಭಾಷೆ, ಈಗ ಬೇರೆ ಬೇರೆ. ಎರಡೂ ಅಕ್ಕತಂಗಿ ಥರ ಕೇಳಿಸಬೇಕು. ಒಂದೊಂದು ಪದ ತಗೊಂಡು ಸ್ವಲ್ಪ ಸ್ವಲ್ಪ ಬದಲಾಯಿಸ್ತಾ ಹೋದೆ, ಯಾಕೋ ಸುಳ್ಳು ಅನಿಸ್ತಿದೆ.

ಉತ್ತರ:

ಸುಳ್ಳು ಅನಿಸಿತಲ್ಲ, ಕಿವಿ ಚೆನ್ನಾಗಿದೆ ತಾಯಿ. ಪದಗಳು ಒಂಟೊಂಟಿಯಾಗಿ ಬದಲಾಗೋದು ಕಡಿಮೆ, ಸದ್ದು ಬದಲಾದರೆ ಆ ಸದ್ದಿರೋ ಪದಗಳೆಲ್ಲ ಹಿಂಡಾಗಿ ಹೋಗ್ತವೆ. ಇದಕ್ಕೆ ಕೋಲಾರದವರು ಪುಸ್ತಕ ತೆಗೀಬೇಕಿಲ್ಲ, ಸಂತೆಗೆ ಹೋದರೆ ಸಾಕು. ತಮಿಳರ ಪಾಲ್, ಪುಲಿ, ಪಲ್, ಪೂ ನಮ್ಮಲ್ಲಿ ಹಾಲು, ಹುಲಿ, ಹಲ್ಲು, ಹೂ. ಹಳಗನ್ನಡದಲ್ಲಿ ನಮ್ಮದೂ ಪಾಲ್, ಪುಲಿಯೇ. ಪದದ ಮೊದಲಿನ ‘ಪ’ ಸಡಿಲವಾಗಿ ‘ಹ’ ಆಯ್ತು. ಇನ್ನೊಂದು ಕಡೆ ಕದಲದೆ ಕೂತವರು ನಾವು, ಸರಿದವರು ಅವರು. ನಮ್ಮ ‘ಕಿವಿ’ ತಮಿಳು ತೆಲುಗು ಎರಡರಲ್ಲೂ ‘ಚೆವಿ’. ನಮ್ಮ ಕೆರೆ ತೆಲುಗಲ್ಲಿ ಚೆರುವು. ‘ಇ’, ‘ಎ’ ಸ್ವರ ಸೇರಿದ ಕಡೆ (ಕಿ, ಕೆ) ಅವರ ‘ಕ’ ಮೆತ್ತಗಾಗಿ ‘ಚ’ ಆಯ್ತು.

ನೀನು ಮೊದಲು ಮೂಲ ಭಾಷೆಯ ನೂರು ಪದ ಮಾಡು. ಆಚೆ ಊರಿಗೆ ಎರಡು ನಿಯಮ, ಈಚೆ ಊರಿಗೆ ಬೇರೆ ಎರಡು. ನೂರು ಪದವನ್ನೂ ಆ ಜರಡೀಲಿ ಹಾಕಿ ತೆಗಿ. ಯಾವ ಪದದ ಮೇಲೂ ಕನಿಕರ ಬೇಡ, ನಿನಗೆ ಇಷ್ಟವಾದ ನಾಯಕಿಯ ಹೆಸರು ಕೆಟ್ಟರೂ ಸರಿ. ಅಪವಾದ ಬೇಕಾದರೆ ಅದಕ್ಕೊಂದು ಚರಿತ್ರೆ ಇರಲಿ. ಸಂಸ್ಕೃತದ ಪಕ್ಷಿ ಬೇಗ ಬಂದು ಕನ್ನಡದಲ್ಲಿ ಕರಗಿ ‘ಪಕ್ಕಿ’ಯಾಗಿ, ‘ಹಕ್ಕಿ’ಯಾಯ್ತು. ಪರ್ವ ‘ಹಬ್ಬ’ವಾಯ್ತು. ಓದುಬರಹದ ಜೊತೆ ಉಳಿದ ಪಕ್ಷಿ ಈಗಲೂ ಪಕ್ಷಿಯೇ. ಹೀಗೆ ಒಂದೇ ಪದದ ಎರಡು ರೂಪ ನಿನ್ನ ಕಾದಂಬರೀಲಿ ಎಲ್ಲಾದರೂ ಒಂದು ಕಡೆ ಕಾಣಿಸಿದರೆ ಆ ಊರಿಗೆ ಯಾರೋ ಎರಡು ಸಲ ಬಂದು ಹೋಗಿದ್ದಾರೆ ಅಂತ ಓದುಗರಿಗೆ ವಾಸನೆ ಹತ್ತುತ್ತೆ.

ಇನ್ನೊಬ್ಬ ಸದಸ್ಯರು (ಗೌರಿಬಿದನೂರು):

ಇರೋ ಕನ್ನಡವನ್ನೇ ಮಕ್ಕಳು ನೆಟ್ಟಗೆ ಬರೀತಿಲ್ಲ, ಇಲ್ಲದ ಭಾಷೆಗೆ ಇಷ್ಟೆಲ್ಲ ರಾಮಾಯಣ ಯಾಕೆ ಸ್ವಾಮಿ?

ಉತ್ತರ:

ನ್ಯಾಯವಾದ ಮಾತೇ. ಆದರೆ ಬಸ್ ಯಾಕೆ ಬಸ್ಸಾಯ್ತು ಅಂತ ನೀವು ಇದಕ್ಕೆ ಮೊದಲು ಯಾವತ್ತಾದರೂ ಯೋಚಿಸಿದ್ರಾ? ನಾನು ಮೂವತ್ತು ವರ್ಷ ಸಂಧಿ ಸಮಾಸ ಪಾಠ ಮಾಡಿದ್ದೀನಿ. ಅದರ ಬಗ್ಗೆ ಇವತ್ತಿನ ತನಕ ಒಬ್ಬರೂ ರಾತ್ರಿ ಹನ್ನೊಂದಕ್ಕೆ ಮೆಸೇಜು ಹಾಕಿ ಕೇಳಿಲ್ಲ. ಎಲ್ಲ ದೇಶದವರಿಗೂ ಒಂದು ಸಾಮಾನ್ಯ ಭಾಷೆ ಇರಲಿ ಅಂತ ಎಸ್ಪೆರಾಂಟೊ ಅನ್ನೋ ಹೊಸ ಭಾಷೆ ಮಾಡಿದ ಝಾಮೆನ್‌ಹಾಫ್ ಕಣ್ಣಿನ ಡಾಕ್ಟರು. ಅವರು ಹುಟ್ಟಿದ ಊರಲ್ಲಿ ರಷ್ಯನ್, ಪೋಲಿಶ್, ಜರ್ಮನ್, ಯಿದ್ದಿಶ್ ಮಾತಾಡೋರು ದಿನಾ ಎದುರುಬದುರಾಗ್ತಿದ್ದರು, ನಮ್ಮ ಬಂಗಾರಪೇಟೆ ಜಂಕ್ಷನ್ ಥರ. 1887ರಲ್ಲಿ ಅವರು ಪುಸ್ತಕ ತಂದಾಗ ಅದರಲ್ಲಿದ್ದ ವ್ಯಾಕರಣದ ನಿಯಮ ಬರೀ 16. ಇವತ್ತು ಅದನ್ನ ತೊಟ್ಟಿಲಲ್ಲೇ ಕಲಿತು ಬೆಳೆದವರೂ ಇದ್ದಾರೆ. ಗುಹೆ ಭಾಷೆಗೆ ಆ ಆಸೆ ಇಲ್ಲ ಬಿಡಿ, ನಾಟಕ ಮುಗಿದರೆ ಸಾಕು.

(ಲಿಪಿ ಯಾವಾಗ ಮಾಡೋದು ಅಂತ ಇಬ್ಬರು ಕೇಳಿದ್ದೀರಿ. ಕೊನೆಗೆ. ಲಿಪಿಯಿಂದ ಶುರು ಮಾಡಿದವರು ಚಿತ್ರ ಬರೀತಾ ಕೂತುಬಿಡ್ತಾರೆ.)

ಮೇಷ್ಟ್ರು, ನಾಟಕಕ್ಕೆ ಮೂರು ದಿನ ಮುಂಚೆ:

ಸಾರ್, ಒಂದು ಸಣ್ಣ ತಕರಾರು. ನಿನ್ನೆ ಪ್ರಾಕ್ಟೀಸಲ್ಲಿ ಜೋರು ಮಳೆ ಬಂತು. ಐದನೇ ಕ್ಲಾಸಿನ ಒಬ್ಬಳು ಕಿಟಕಿ ಹತ್ರ ಓಡಿಹೋಗಿ ‘ಲುಮಾಲುಮಾ!’ ಅಂತ ಕೂಗಿದಳು, ಮಿಕ್ಕವರೂ ಶುರು ಹಚ್ಕೊಂಡರು. ನೋಟ್‌ಬುಕ್ಕಲ್ಲಿ ಆ ಪದ ಇಲ್ಲ. ನೀರಿಗೆ ಬಹುವಚನ ಎಲ್ಲಿದೆ ಅಂತ ನಾನು ತಿದ್ದೋಕೆ ಹೋದೆ, ಯಾರೂ ಕೇಳಲಿಲ್ಲ. ತಪ್ಪಲ್ವಾ ಇದು?

ಉತ್ತರ:

ಅದು ಮಳೆಯೋ, ಕೆರೆಯೋ, ಎರಡೂನೋ ಅಂತ ಆ ಹುಡುಗೀನೇ ಕೇಳಿ ಬರ್ಕೊಳ್ಳಿ ಮೇಷ್ಟ್ರೇ. ನಾಟಕ ಎಷ್ಟು ಗಂಟೆಗೆ? ನಾನೂ ಬಸ್ಸು ಹತ್ತಿ ಬರ್ತೀನಿ.