ಜರ್ಮನಿಯಿಂದ ಪಿಟೀಲು ಕೇಸ್: 2.4 ಕೆಜಿ ಸಾಮಾನಿಗೆ ಇಷ್ಟೊಂದು ಶಿಪ್ಪಿಂಗಾ?

ಪಿಟೀಲು_ಅಪ್ಪ (ಮೈಸೂರು)
ಎಲ್ಲರಿಗೂ ನಮಸ್ಕಾರ. ಮಗಳು ಪಿಟೀಲು ಕಲಿಯುತ್ತಿದ್ದಾಳೆ. ಈಗಿರುವ ಕೇಸಿನ ಜಿಪ್ ಕಿತ್ತುಹೋಗಿದೆ, ಒಂದು ವರ್ಷದಿಂದ ಲಂಗದ ಲಾಡಿ ಸುತ್ತಿ ಕಟ್ಟಿಕೊಂಡು ಕ್ಲಾಸಿಗೆ ಹೋಗುತ್ತಿದ್ದಾಳೆ. ಜರ್ಮನಿಯ ಒಂದು ಅಂಗಡಿಯ ಸೈಟಿನಲ್ಲಿ ಹಗುರವಾದ ಕೇಸ್ ನೋಡಿದೆ, 150 ಯೂರೋ, ತೂಕ 2.4 ಕೆಜಿ. ಮೈಸೂರಿನ ಪಿನ್‌ಕೋಡ್ ಹಾಕಿದ ತಕ್ಷಣ ಬೆಲೆ ತಾನಾಗಿಯೇ 126ಕ್ಕೆ ಇಳಿಯಿತು. ಖುಷಿಪಡುವಷ್ಟರಲ್ಲಿ ಶಿಪ್ಪಿಂಗ್ 69 ಯೂರೋ ಅಂತ ಬಂತು! ಕೆಳಗೆ ಸಣ್ಣ ಅಕ್ಷರದಲ್ಲಿ "ಆಮದು ಸುಂಕ ಸೇರಿಲ್ಲ" ಅಂತ ಬೇರೆ. ಬೆಲೆ ಇಳಿದದ್ದು ಯಾಕೆ, ಶಿಪ್ಪಿಂಗ್ ಇಷ್ಟು ಯಾಕೆ, ಇಲ್ಲಿ ಬಂದ ಮೇಲೆ ಇನ್ನೆಷ್ಟು ಕೀಳುತ್ತಾರೆ? ಆಫೀಸಿನಲ್ಲಿ ಒಬ್ಬರು "ಗಿಫ್ಟ್ ಅಂತ ಬರೆಸಿಬಿಡಿ, ಏನೂ ಬೀಳಲ್ಲ" ಅಂದರು. ಹೌದಾ?

ಚೀಟಿ_ಲೆಕ್ಕ
ಸಾರ್, ಮೊದಲು ಗಿಫ್ಟ್ ವಿಷಯ ಮರೆತುಬಿಡಿ. 5,000 ರೂಪಾಯಿವರೆಗಿನ ಉಡುಗೊರೆಗೆ ಸುಂಕ ಇಲ್ಲ ಅಂತ ಒಂದು ಕಾಲದಲ್ಲಿ ಇತ್ತು, ಜನ ಅದನ್ನು ಸಿಕ್ಕಾಪಟ್ಟೆ ಬಳಸಿಕೊಂಡರು, 2019ರ ಡಿಸೆಂಬರ್‌ನಲ್ಲಿ ಪೋಸ್ಟ್ ಮತ್ತು ಕೊರಿಯರ್‌ನಲ್ಲಿ ಗಿಫ್ಟ್ ಅಂತ ತರಿಸುವುದನ್ನೇ ನಿಲ್ಲಿಸಿದರು. ಬಿಟ್ಟದ್ದು ಜೀವ ಉಳಿಸುವ ಔಷಧಿ ಮತ್ತು ರಾಖಿ ಮಾತ್ರ. ಪಿಟೀಲು ಕೇಸನ್ನು ರಾಖಿ ಅನ್ನೋಕಾಗಲ್ಲ ಅಲ್ವಾ.

ಬೆಲೆ ಇಳಿದದ್ದು 150ರೊಳಗೇ ಸೇರಿದ್ದ ಅಲ್ಲಿನ ಮಾರಾಟ ತೆರಿಗೆ, ಅಂದರೆ ವ್ಯಾಟ್ 19% ಬಿಟ್ಟದ್ದಕ್ಕೆ (126ಕ್ಕೆ 19% ಸೇರಿಸಿದರೆ 150). ಯುರೋಪಿನಿಂದ ಹೊರಗೆ ಹೋಗುವ ಮಾಲಿಗೆ ಅದು ಬೀಳುವುದಿಲ್ಲ. ಎಲ್ಲ ಅಂಗಡಿಯವರೂ ಕಳೆಯುವುದಿಲ್ಲ, ಕಳೆಯದವರಿಗೆ ಸುಮ್ನೆ ಒಂದು ಮೇಲ್ ಹಾಕಿ ಕೇಳಬೇಕು.

ಈಗ ಇಲ್ಲಿನ ಲೆಕ್ಕ. ಬಹಳ ಜನ ತಪ್ಪುವುದು ಇಲ್ಲೇ. ಸುಂಕ ಬರೀ ವಸ್ತುವಿನ ಬೆಲೆ ಮೇಲಲ್ಲ, ಸಾಗಣೆ ಮತ್ತು ವಿಮೆ ಸೇರಿಸಿದ ಬೆಲೆ ಮೇಲೆ. ಆದರೆ ವಿಮಾನದಲ್ಲಿ ಬಂದರೆ, ನೀವು ಎಷ್ಟೇ ಶಿಪ್ಪಿಂಗ್ ಕೊಟ್ಟಿದ್ದರೂ ವಸ್ತುವಿನ ಬೆಲೆಯ 20%ಗಿಂತ ಜಾಸ್ತಿ ಸೇರಿಸುವ ಹಾಗಿಲ್ಲ, ನಿಯಮದಲ್ಲೇ ಇದೆ. ನಿಮ್ಮ ಕೇಸ್ ಸುಮಾರು 13,500 ರೂ. ಅಂದುಕೊಳ್ಳಿ. ಶಿಪ್ಪಿಂಗ್ 7,400 ಆದರೂ ಲೆಕ್ಕಕ್ಕೆ ಬರುವುದು 2,700. ಒಟ್ಟು 16,200. ಸ್ವಂತ ಬಳಕೆಯ ವಸ್ತುಗಳ ಸುಂಕವನ್ನು 20%ನಿಂದ 10%ಗೆ ಇಳಿಸುವುದಾಗಿ 2026ರ ಬಜೆಟ್‌ನಲ್ಲಿ ಹೇಳಿದರು, ಅದನ್ನೇ ಹಿಡಿದರೆ 1,620. ಇದನ್ನೂ ಸೇರಿಸಿ 17,820, ಅದರ ಮೇಲೆ 18% ಐಜಿಎಸ್‌ಟಿ (ಆಮದಿಗೆ ಹಾಕುವ ಜಿಎಸ್‌ಟಿ) 3,208. ಅಂದರೆ ತೆರಿಗೆ ಮೇಲೆ ತೆರಿಗೆ. ಎಲ್ಲ ಸೇರಿ 4,828. ವಿಮೆ, ಸರ್ಚಾರ್ಜ್ ಏನಾದರೂ ಇದ್ದರೆ ಅದನ್ನು ಬಿಟ್ಟಿದ್ದೇನೆ. ಆರ್ಡರ್ ಮಾಡುವ ದಿನದ ದರ ಕಸ್ಟಮ್ಸ್ ಸೈಟಿನಲ್ಲಿ ನೋಡಿಕೊಳ್ಳಿ. ಯೂರೋ ದರವೂ ಗೂಗಲ್ ತೋರಿಸುವುದಲ್ಲ, ಅವರೇ ಪ್ರಕಟಿಸಿರುವುದು.

ರಟ್ಟಿನ_ಡಬ್ಬ
ಶಿಪ್ಪಿಂಗ್ ಪ್ರಶ್ನೆಗೆ ನಾನು ಹೇಳುತ್ತೇನೆ, ನಾಲ್ಕು ವರ್ಷ ಕೊರಿಯರ್ ಗೋಡೌನಿನಲ್ಲಿ ಟೇಪು ಹಿಡಿದುಕೊಂಡು ಇದೇ ಕೆಲಸ ಮಾಡಿದ್ದೇನೆ. ವಿಮಾನದಲ್ಲಿ ಮಾರುವುದು ತೂಕವನ್ನಲ್ಲ ಸಾರ್, ಜಾಗವನ್ನು. ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ. ಆ ಕೆಜಿ, ತಕ್ಕಡಿಯ ಕೆಜಿ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ಕೇಸ್ ಹಾಕುವ ರಟ್ಟಿನ ಪೆಟ್ಟಿಗೆ 84×34×24 ಅಂತ ಇಟ್ಟುಕೊಳ್ಳಿ, 13.7 ಬರುತ್ತದೆ, ಮೇಲಕ್ಕೆ ಒತ್ತಿ 14 ಕೆಜಿ ಮಾಡುತ್ತಾರೆ. ಒಳಗಿರುವುದು ಹೆಚ್ಚಿನ ಪಾಲು ಗಾಳಿ! ಎರಡು ಸ್ಪೀಕರ್ ಸ್ಟ್ಯಾಂಡಿಗೆ ಅವುಗಳ ಬೆಲೆಗಿಂತ ಜಾಸ್ತಿ ಸಾಗಣೆ ಕೊಟ್ಟವರನ್ನು ನೋಡಿದ್ದೇನೆ. ಅಂಗಡಿಯವರಿಗೆ ಬರೆದು ಪೆಟ್ಟಿಗೆಯ ಅಳತೆ ಕೇಳಿ. ಸಾಮಾನ್ಯ ಪೋಸ್ಟ್‌ನಲ್ಲಿ ಕಳಿಸುತ್ತಾರಾ ಅಂತಲೂ ಕೇಳಿ, ನಿಧಾನ, ಆದರೆ ಅಗ್ಗ. ಸುಂಕವನ್ನು ಪೋಸ್ಟ್‌ಮ್ಯಾನ್ ಬಾಗಿಲಲ್ಲೇ ಕಟ್ಟಿಸಿಕೊಳ್ಳುತ್ತಾರೆ.

ಕುಡ್ಲ_ಮಾಣಿ
ಇನ್ನೊಂದು ಗುಟ್ಟು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಕೊರಿಯರ್‌ನವರು ನಿಮ್ಮ ಪರವಾಗಿ ಸುಂಕ ಕಟ್ಟಿ, ಹಾಗೆ ಕಟ್ಟಿದ್ದಕ್ಕೇ ಒಂದು ಫೀಸು ಹಾಕುತ್ತಾರೆ, ಆ ಫೀಸಿಗೆ ಮತ್ತೆ ಜಿಎಸ್‌ಟಿ. ನಾನು ಒಂದು ಸಣ್ಣ ಲೆನ್ಸ್ ಮುಚ್ಚಳ ತರಿಸಿದ್ದೆ, ಸುಂಕಕ್ಕಿಂತ ಅವರ ಫೀಸೇ ಜಾಸ್ತಿ ಆಯಿತು. ಬಿಲ್ ಹಿಡಿದುಕೊಂಡು ಹತ್ತು ನಿಮಿಷ ಸುಮ್ಮನೆ ಕೂತಿದ್ದೆ. ಚೆಕ್‌ಔಟ್‌ನಲ್ಲಿ ಡಿಡಿಪಿ ಅಂತ ಇದ್ದರೆ ಸುಂಕ ಅಲ್ಲೇ ಕಟ್ಟಿದ ಹಾಗೆ, ಡಿಎಪಿ ಅಂದರೆ ಇಲ್ಲಿ ನಿಮ್ಮ ಕುತ್ತಿಗೆಗೆ. ಮತ್ತೆ "ನಿಮ್ಮ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ನಿಂತಿದೆ, ಈ ಲಿಂಕ್ ಒತ್ತಿ" ಅಂತ ಎಸ್‌ಎಂಎಸ್ ಬಂದರೆ ಒತ್ತಬೇಡಿ ಮಾರಾಯ್ರೆ, ಟ್ರ್ಯಾಕಿಂಗ್ ನಂಬರ್ ಹಾಕಿ ಕೊರಿಯರ್‌ನ ಸೈಟಿನಲ್ಲೇ ನೋಡಿ.

ಜರ್ಸಿ_ಸೊಸೆ
ಇಲ್ಲಿ ಅಮೆರಿಕದಲ್ಲೂ ಈಗ ಅದೇ ಗೋಳು. 800 ಡಾಲರ್‌ವರೆಗೆ ಸುಂಕ ಇಲ್ಲ ಅಂತ ಇದ್ದದ್ದು 2025ರ ಆಗಸ್ಟ್ 29ರಿಂದ ಹೋಯಿತು. ಮುಂಚೆ ಬೆಂಗಳೂರಿನ ಅಂಗಡಿಯಿಂದ ಸೀರೆ ಆರಾಮಾಗಿ ತರಿಸುತ್ತಿದ್ದೆ, ಈಗ ಯಾರಾದರೂ ಊರಿಂದ ಬರುತ್ತಾರಾ ಅಂತ ಕಾಯುತ್ತೇನೆ. ಸಾರ್, ನಿಮಗೂ ಜರ್ಮನಿಯಿಂದ ಬರುವವರು ಯಾರೂ ಇಲ್ವಾ? ಕೈಯಲ್ಲಿ ತಂದರೆ ಪ್ರಯಾಣಿಕರ ಸಾಮಾನಿಗೆ ಇರುವ ಸುಂಕದ ರಿಯಾಯಿತಿಯಲ್ಲಿ (ಬ್ಯಾಗೇಜ್ ರಿಯಾಯಿತಿ) ಬರುತ್ತದೆ.

ಪಿಟೀಲು_ಅಪ್ಪ (ಮೈಸೂರು)
ಎಲ್ಲರಿಗೂ ಥ್ಯಾಂಕ್ಸ್. ಜರ್ಮನಿಯಲ್ಲಿ ನಮ್ಮವರು ಯಾರೂ ಇಲ್ಲ ಮೇಡಂ. ಡಬ್ಬ ಸಾರ್ ಹೇಳಿದ ಹಾಗೆ ಅಂಗಡಿಗೆ ಮೇಲ್ ಹಾಕಿದೆ, ಮಾರನೇ ದಿನವೇ ಉತ್ತರ ಬಂತು. ಅವರು ಎರಡು ಕೇಸ್ ಹಿಡಿಸುವ ಪೆಟ್ಟಿಗೆಯಲ್ಲೇ ಎಲ್ಲವನ್ನೂ ಕಳಿಸುತ್ತಾರಂತೆ! 82×30×18ರ ಪೆಟ್ಟಿಗೆಯಲ್ಲಿ ಕಳಿಸಲು ಒಪ್ಪಿದ್ದಾರೆ, ಗುಣಿಸಿ ನೋಡಿದೆ, 9 ಕೆಜಿಯೊಳಗೆ ಬರುತ್ತದೆ. ಹೊಸ ಶಿಪ್ಪಿಂಗ್ 46 ಯೂರೋ. ಲಾಡಿ ಇನ್ನೊಂದು ತಿಂಗಳು ಇರಲಿ ಅಂತ ಮಗಳಿಗೆ ಹೇಳಿದ್ದೇನೆ.